ವೀರಗಲ್ಲುಗಳಲ್ಲಿ ದೇಹಭಂಗಿ ಮತ್ತು ಪೌರುಷದ ಕಲ್ಪನೆ

ಶಾಸನವುಳ್ಳ ವೀರಗಲ್ಲಿನಲ್ಲಿ ಸತ್ತವನ ಹೆಸರು ಸಿಗುತ್ತದೆ, ಹಲವು ವೇಳೆ ಅವನ ಒಡೆಯನ ಹೆಸರೂ ಸಿಗುತ್ತದೆ. ಅವನದೇ ಆದ ಮುಖ ಮಾತ್ರ ಸಿಗುವುದಿಲ್ಲ. ಒಂದೇ ಸೀಮೆಯ ಕಲ್ಲುಗಳಲ್ಲಿ ಮುಖಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಇವುಗಳನ್ನು ವ್ಯಕ್ತಿಚಿತ್ರಗಳೆಂದು ಕರೆಯುವುದಾದರೆ, ಅವು ಚಹರೆಯ ಚಿತ್ರಗಳಲ್ಲ, ನಿಲುವಿನ ಚಿತ್ರಗಳು. ಎಣ್ಣೆ ಕುಂಕುಮಗಳಿಂದ ಕಣ್ಣುಮೂಗು ಮಾಸಿದ ಕಲ್ಲಿನಲ್ಲಿಯೂ ವೀರನನ್ನು ಗುರುತಿಸಲು ತೊಡಕಾಗದಿರುವುದು ಇದರಿಂದಲೇ.

ಮೂರು ಪಟ್ಟಿಕೆಗಳ ಕಲ್ಲಿನಲ್ಲಿ ಕೆಳಗಿನದು ಕಾಳಗ. ಮುಂದಿನ ಮಂಡಿ ಬಾಗಿದೆ, ಹಿಂದಿನ ಕಾಲು ನೀಳವಾಗಿ ಚಾಚಿದೆ, ಎದೆ ತೆರೆದಿದೆ, ಆಯುಧ ಹಿಡಿದ ಕೈ ಮೇಲೆದ್ದಿದೆ. ಶಾಸ್ತ್ರಗ್ರಂಥಗಳು ಆಲೀಢ, ಪ್ರತ್ಯಾಲೀಢಗಳೆಂದು ಹೆಸರಿಸುವ ಭಂಗಿಗಳಿಗೆ ಇದು ಹತ್ತಿರವಾದರೂ, ಹಳ್ಳಿಯ ಕಲ್ಲುಕುಟಿಗನು ಗ್ರಂಥ ನೋಡಿಯೇ ಕೆತ್ತಿದನೆಂದು ಭಾವಿಸಬೇಕಾಗಿಲ್ಲ. ವೀರನ ಗಾತ್ರ ಎದುರಾಳಿಗಳಿಗಿಂತ ಹಿರಿದು. ಮೈಗೆ ಬಾಣಗಳು ನಾಟಿದ್ದರೂ ಅವನು ನಿಂತೇ ಇರುತ್ತಾನೆ. ಬೆನ್ನು ತೋರಿದ ವೀರ ಕಾಣಸಿಗುವುದು ಅಪರೂಪ. ತುರುಗೊಳ್ ಕಾಳಗದಲ್ಲಿ ಮಡಿದ ಪ್ರತಿಯೊಬ್ಬನೂ ಹೀಗೆಯೇ ಎದೆಯೊಡ್ಡಿ ಸತ್ತಿರಲಾರ. ಮಡಿದವನ ಕುಟುಂಬಕ್ಕೆ ನೆತ್ತರುಗೊಡಗೆಯಾಗಿ ಭೂಮಿ ದೊರೆಯುತ್ತಿದ್ದ ಸಮಾಜದಲ್ಲಿ ಸಾವಿನ ಭಂಗಿಗೂ ಬೆಲೆಯಿತ್ತು. ಆದ್ದರಿಂದ ಕಲ್ಲಿನ ಮೇಲಿನ ಧೈರ್ಯವನ್ನು ಸತ್ತವನ ಗುಣವೆಂಬುದಕ್ಕಿಂತ, ಬದುಕಿದ್ದವರು ಗಂಡಸಿನಿಂದ ಬಯಸಿದ ನಡತೆಯೆಂದು ಓದುವುದು ಸೂಕ್ತ.

ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಆಯುಧವಿಲ್ಲ, ಮೈ ಬಿಗಿದಿಲ್ಲ. ಪೌರುಷವೆಂದರೆ ಕಾಲು ಚಾಚಿದ ಭಂಗಿಯೊಂದೇ ಎಂಬ ಗ್ರಹಿಕೆಗೆ ಇಲ್ಲಿ ತಡೆ ಬೀಳುತ್ತದೆ. ವಿದ್ವಾಂಸರ ಗಮನ ಹೆಚ್ಚಾಗಿ ಕೆಳಗಿನ ಪಟ್ಟಿಕೆಯಲ್ಲೇ ನಿಂತುಬಿಟ್ಟಿದೆ.

ಮಾಸ್ತಿಕಲ್ಲಿನಲ್ಲಿ ಮೊಣಕೈ ಮಡಿಸಿ ಮೇಲೆತ್ತಿದ, ಬಳೆ ತೊಟ್ಟ ತೋಳೊಂದೇ ಇಡೀ ಹೆಣ್ಣಿನ ಬದಲಾಗಿ ನಿಲ್ಲುವುದುಂಟು. ಆ ತೋಳಿನ ದೃಢತೆಯನ್ನು ಆಕೆಯ ಆತ್ಮವಿಶ್ವಾಸವೆಂದು ಓದುವುದು ಅವಸರದ ಮಾತು. ವೀರನ ವಿಷಯದಲ್ಲಿ ಬೇಕಾದ ಎಚ್ಚರ ಇಲ್ಲಿ ಇಮ್ಮಡಿಯಾಗಿ ಬೇಕು. ಕಲ್ಲು ನಿಲ್ಲಿಸಿದವರು ಆಕೆಯಲ್ಲ.

ಶೌರ್ಯದ ಭಂಗಿ ಮನುಷ್ಯರಿಗಷ್ಟೇ ಮೀಸಲಾಗಿರಲಿಲ್ಲ. ತಕ್ಕೋಲದ ಕಾಳಗವನ್ನು ಉಲ್ಲೇಖಿಸುವ, ಕ್ರಿ.ಶ. 949–50ರ ಆತಕೂರು ಶಾಸನಶಿಲೆಯಲ್ಲಿ ಕೆತ್ತಿರುವುದು ಗಂಗರ ಇಮ್ಮಡಿ ಬೂತುಗನಿಂದ ಮಣಲೇರನು ಬೇಡಿ ಪಡೆದ ಕಾಳಿ ಎಂಬ ನಾಯಿಯನ್ನು. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿ ಎದುರಾಳಿಗೆ ಮುಖ ಕೊಟ್ಟೇ ನಿಂತಿದೆ. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಆ ಶಿಲ್ಪದಲ್ಲಿ ಜಾಗವಿಲ್ಲ.