ಟ್ಯೂಬರ್‌ಕ್ಯುಲೋಸಿಸ್: ಎಲ್ಲಿ ಒಡೀಬೇಕು?

ಖಾನಾಪುರ ಕಡೆಯ ಹಳ್ಳಿಯೊಂದರ ಎನ್ನೆಸ್ಸೆಸ್ ಕ್ಯಾಂಪಿಗೆಂದು ಬೆಳಗಾವಿಯ ಹಾಸ್ಟೆಲ್‌ನಲ್ಲಿ ಕೂತು ಪೋಸ್ಟರ್ ಟೈಪ್ ಮಾಡ್ತಿದ್ವಿ. ‘ಟ್ಯೂಬರ್ಕ್ಯುಲೋಸಿಸ್’ ಬಂತು ನೋಡಿ, ಎಲ್ಲರೂ ತಡವರಿಸಿದ್ವಿ. ತೊಡಕು ಅರ್ಕಾವತ್ತಿನದು: ಮೊದಲು ಉಚ್ಚರಿಸುವ ‘ರ್’ ಬರವಣಿಗೆಯಲ್ಲಿ ‘ಕ್ಯು’ ಆದ ಮೇಲೆ ಕೂರುತ್ತದೆ. ನಡುವೆ ಒಂದು ಜೀರೋ ವಿಡ್ತ್ ನಾನ್ ಜಾಯ್ನರ್ ಹಾಕಿದರೆ ‘ಬರ್‌ಕ್ಯು’ ಅಂತ ಬಿಡಿಸಿ ಕಾಣುತ್ತೆ. ಟ್ಯೂ-ಬರ್-ಕ್ಯು-ಲೋ-ಸಿಸ್, ಐದು ತುಂಡು.

ದನಿ ಎಲ್ಲಿ ಒತ್ತಬೇಕು? ಹೈಸ್ಕೂಲಿನ ಲಘು-ಗುರು ನೆನಪಿದ್ರೆ ಸಾಕು. (ಆಗ ಬೈಕೊಂಡೇ ಕಲಿತಿದ್ವಿ.) ಲ್ಯಾಟಿನ್‌ನಲ್ಲಿ ಕೊನೆಯಿಂದ ಎರಡನೆಯದು ಗುರುವಾದರೆ ಒತ್ತು ಅಲ್ಲೇ, ಲಘುವಾದರೆ ಒಂದು ಹೆಜ್ಜೆ ಹಿಂದೆ. ಮೂಲಪದ ‘ತೂಬೆರ್‌ಕುಲುಮ್’, ಅಂದರೆ ಸಣ್ಣ ಗಂಟು. ಅಲ್ಲಿ ‘ಕು’ ಲಘು, ಹಾಗಾಗಿ ಒತ್ತು ‘ಬೆರ್’ ಮೇಲೆ. ಬಾಲಕ್ಕೆ ಗ್ರೀಕಿನ ‘ಓಸಿಸ್’ ಸೇರಿದ ಮೇಲೆ ‘ಲೋ’ ಗುರು, ಒತ್ತು ಅಲ್ಲಿಗೆ ಜಿಗೀತು.

ಊರಲ್ಲಿ ಇದನ್ನ ಒಂದೂ ತಪ್ಪಿಲ್ಲದೆ ಓದಿದ್ವಿ. ಅಜ್ಜಿಯೊಬ್ಬರು ಕೇಳಿಸಿಕೊಂಡು, “ಕ್ಷಯದ ಬ್ಯಾನಿ ಅಂತ ಹೇಳ್ರೆಪಾ ಮತ್ತ!” ಅಂದರು. ಕನ್ನಡ, ಮರಾಠಿ ಎರಡೂ ಆಡುವ ಊರು. ‘ಕ್ಷಯ’ ಎರಡರಲ್ಲೂ ಒಂದೇ. ಅವತ್ತೇ ರಾತ್ರಿ ಪೋಸ್ಟರ್ ಬದಲಾಯ್ತು: ‘ಕ್ಷಯ (ಟಿಬಿ). ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ರ ಕಫ ಪರೀಕ್ಷೆ ಮಾಡಿಸ್ರಿ.’