ಗಣಿತದಿಂದ ಸೂಕ್ಷ್ಮತರಂಗದವರೆಗೆ

ಇಂದು ಬೆಂಗಳೂರು ನಗರದಲ್ಲಿ ತಂತ್ರಜ್ಞಾನವನ್ನೇ ವೃತ್ತಿಯಾಗಿ ಕೈಗೊಂಡ ಮಹಿಳೆಯರು ಸಹಸ್ರಾರು ಸಂಖ್ಯೆಯಲ್ಲಿದ್ದಾರೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲೇರುವುದೇ ವಿರಳವಾಗಿದ್ದ ಆ ದಿನಗಳಲ್ಲಿ ಗಣಿತವನ್ನು ಅಭ್ಯಾಸಮಾಡಿ, ಅದರ ಬಲದಿಂದಲೇ ತಂತ್ರಶಾಸ್ತ್ರವನ್ನು ಪ್ರವೇಶಿಸಿ, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು ರಾಜೇಶ್ವರಿ ಚಟರ್ಜಿ.

ರಾಜೇಶ್ವರಿಯವರು ಹುಟ್ಟಿದ್ದು 1922ರಲ್ಲಿ. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ ಮತ್ತು ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ಶ್ರಮಿಸಿದವರು. ಆ ಅಜ್ಜಿ ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳ ಅಕ್ಷರಾಭ್ಯಾಸ ನಡೆಯಿತು. ಮನೆಯ ಹಿರಿಯಳೊಬ್ಬಳು ಓದಿದವಳಾದರೆ ಅದರ ಫಲ ಎಷ್ಟು ದೂರ ಹೋಗುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಪ್ರೌಢಶಾಲೆ ಮುಗಿದಾಗ ಹುಡುಗಿಯ ಮನಸ್ಸು ಇತಿಹಾಸದತ್ತ ಒಲಿದಿತ್ತು. ಕೊನೆಗೆ ವಿಜ್ಞಾನ, ಗಣಿತಗಳೇ ಗೆದ್ದುವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಬಿ.ಎಸ್‌ಸಿ. ಆನರ್ಸ್ ಮತ್ತು ಎಂ.ಎಸ್‌ಸಿ. ಎರಡೂ ಪರೀಕ್ಷೆಗಳಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರಥಮರಾಗಿ ಉತ್ತೀರ್ಣರಾದರು.

1943ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ತಂತ್ರಶಾಸ್ತ್ರವೆಂದರೆ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಕೈಕೆಲಸವೆಂದು ತಿಳಿದವರಿಗೆ, ಗಣಿತದ ಪದವೀಧರೆಗೆ ಅಲ್ಲೇನು ಕೆಲಸ ಎನ್ನಿಸಬಹುದು. ಆದರೆ ನಿಸ್ತಂತು ಸಂಪರ್ಕವು ಹುಟ್ಟಿದ್ದೇ ಗಣಿತದ ಹೊಟ್ಟೆಯಲ್ಲಿ. ವಿದ್ಯುತ್ಕಾಂತ ತರಂಗಗಳು ಇರಲೇಬೇಕೆಂಬುದನ್ನು ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ 1860ರ ದಶಕದಲ್ಲಿ ಸಮೀಕರಣಗಳ ಮೂಲಕ ಕಂಡುಕೊಂಡನು. ಪ್ರಯೋಗಶಾಲೆಯಲ್ಲಿ ಹರ್ಟ್ಸ್ ಅವುಗಳನ್ನು ತೋರಿಸಿಕೊಟ್ಟದ್ದು ಎರಡು ದಶಕಗಳ ಅನಂತರ. ಎರಡನೆಯ ಮಹಾಯುದ್ಧದ ಸಮಯದಲ್ಲಿ ರೇಡಾರ್ ಯಂತ್ರದ ದೆಸೆಯಿಂದ ಈ ಶಾಸ್ತ್ರಕ್ಕೆ ಅತಿಶಯವಾದ ಮಹತ್ತ್ವ ಬಂದಿತು. ರಾಜೇಶ್ವರಿಯವರು ಸರಿಯಾದ ಸಮಯದಲ್ಲಿಯೇ ಅದರ ಬಾಗಿಲನ್ನು ತಟ್ಟಿದ್ದರು.

1946ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಭಾರತ ಸರ್ಕಾರದ ವಿದ್ಯಾರ್ಥಿವೇತನ ಅವರಿಗೆ ದೊರೆಯಿತು. ದೇಶವು ಸ್ವತಂತ್ರವಾದ 1947ರಲ್ಲಿ, ಇಪ್ಪತ್ತೈದು ವರ್ಷದ ಅವಿವಾಹಿತ ತರುಣಿ ಹಡಗನ್ನೇರಿ ಅಮೆರಿಕಾ ಸೇರಿದಳು. ಇಂದು ವಿಮಾನದಲ್ಲಿ ಒಂದು ದಿನದೊಳಗೆ ಮುಗಿಯುವ ಪ್ರಯಾಣಕ್ಕೆ ಆಗ ವಾರಗಟ್ಟಲೆ ಸಮುದ್ರದ ಮೇಲಿರಬೇಕಾಗಿತ್ತು. ಆನ್ ಆರ್ಬರ್ ಪಟ್ಟಣದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಅವರು ವಿದ್ಯುತ್ ತಂತ್ರಜ್ಞಾನದ ಸ್ನಾತಕೋತ್ತರ ಪದವಿ ಗಳಿಸಿದರು. 1949ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರೇಡಿಯೋ ಮಾಪನದ ತರಬೇತಿ ಪಡೆದರು. ಮತ್ತೆ ಮಿಷಿಗನ್ನಿಗೆ ಮರಳಿ, ಪ್ರಾಧ್ಯಾಪಕ ವಿಲಿಯಂ ಗೌಲ್ಡ್ ಡೌ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪದವಿಯನ್ನು ಸಂಪಾದಿಸಿದರು. 1953ರಲ್ಲಿ ಬೆಂಗಳೂರಿಗೆ ಹಿಂತಿರುಗಿ, ತಾವು ಹಿಂದೆ ವಿದ್ಯಾರ್ಥಿನಿಯಾಗಿದ್ದ ಸಂಸ್ಥೆಯಲ್ಲಿಯೇ ವಿದ್ಯುತ್ ಸಂಪರ್ಕ ತಂತ್ರಜ್ಞಾನ ವಿಭಾಗದ ಬೋಧಕರಾದರು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅವರ ವಿವಾಹವಾಯಿತು. ಸೂಕ್ಷ್ಮತರಂಗಗಳ ಸಂಶೋಧನೆ ನಮ್ಮ ದೇಶದಲ್ಲಿ ಇನ್ನೂ ಅಂಬೆಗಾಲಿಡುತ್ತಿದ್ದಾಗ ದಂಪತಿಗಳಿಬ್ಬರೂ ಕೂಡಿ ಅದಕ್ಕಾಗಿ ಪ್ರಯೋಗಶಾಲೆಯೊಂದನ್ನು ಕಟ್ಟಿ ಬೆಳೆಸಿದರು.

ಈ ಸೂಕ್ಷ್ಮತರಂಗಗಳೆಂದರೆ ಯಾವುವು? ಅವೂ ರೇಡಿಯೋ ತರಂಗಗಳೇ; ಆದರೆ ಅವುಗಳ ಉದ್ದ ತೀರ ಕಡಿಮೆ. ಮಧ್ಯಮತರಂಗದ ಬಾನುಲಿಯಲ್ಲಿ ಒಂದು ಅಲೆಯ ಉದ್ದ ಸುಮಾರು 300 ಮೀಟರುಗಳಿರಬಹುದು. ಸೂಕ್ಷ್ಮತರಂಗದ ಅಲೆ ಕೆಲವೇ ಸೆಂಟಿಮೀಟರುಗಳದು. ಅಲೆ ಚಿಕ್ಕದಾದಂತೆ ಅದನ್ನು ಬೆಳಕಿನಂತೆ ಒಂದೇ ದಿಕ್ಕಿಗೆ ಕಿರಿದಾದ ದೂಲವಾಗಿ ಹಾಯಿಸುವುದು ಸುಲಭ. ದೂರದ ವಿಮಾನಕ್ಕೆ ತಗುಲಿ ಮರಳಿ ಬರುವ ಅಲೆಯಿಂದ ರೇಡಾರ್ ಅದರ ನೆಲೆಯನ್ನು ಅರಿಯುವುದು ಹೀಗೆ. ಉಪಗ್ರಹಗಳೊಡನೆ ಸಂಪರ್ಕ ನಡೆಯುವುದೂ ಈ ತರಂಗಗಳ ಮೂಲಕವೇ.

ಆದರೆ ಇವುಗಳನ್ನು ಪಳಗಿಸುವುದು ಸುಲಭವಲ್ಲ. ಸಾಮಾನ್ಯ ತಂತಿಯಲ್ಲಿ ಕಳುಹಿಸಿದರೆ ಶಕ್ತಿಯು ದಾರಿಯಲ್ಲಿಯೇ ಬಹುಪಾಲು ಸೋರಿಹೋಗುತ್ತದೆ. ಆದ್ದರಿಂದ ನೀರಿಗೆ ಕೊಳವೆ ಹಾಕಿದಂತೆ, ಒಳಗೆ ಟೊಳ್ಳಾದ ಲೋಹದ ನಾಳದ ಮೂಲಕ ತರಂಗವನ್ನು ಸಾಗಿಸುತ್ತಾರೆ. ಆಯತಾಕಾರದ ನಾಳದ ಅಗಲವು ಅಲೆಯ ಉದ್ದದ ಅರ್ಧಕ್ಕಿಂತ ಹೆಚ್ಚಾಗಿರಬೇಕು. ಇಲ್ಲವಾದರೆ ಅಲೆ ಒಳಗೆ ಮುಂದುವರಿಯದು. 3 ಸೆಂಟಿಮೀಟರಿನ ಅಲೆಗೆ ಸುಮಾರು 2.3 ಸೆಂಟಿಮೀಟರ್ ಅಗಲದ ನಾಳ ಸಾಕು. ಮಧ್ಯಮತರಂಗಕ್ಕೆ ಇದೇ ಉಪಾಯವನ್ನು ಹೂಡಹೊರಟರೆ 150 ಮೀಟರಿಗೂ ಮಿಗಿಲಾದ ಅಗಲದ ಕೊಳವೆ ಬೇಕಾದೀತು. ಅದರೊಳಗೆ ಊರಿನ ತೇರನ್ನೇ ಎಳೆಯಬಹುದು! ಇನ್ನೊಂದು ಸೋಜಿಗವುಂಟು. ವಿದ್ಯುತ್ತನ್ನು ಹರಿಯಗೊಡದ ಪ್ಲಾಸ್ಟಿಕ್ಕಿನಂತಹ ಪದಾರ್ಥದ ದಂಡವೂ ಸೂಕ್ಷ್ಮತರಂಗವನ್ನು ತನ್ನೊಡನೆ ಕರೆದೊಯ್ದು ತುದಿಯಿಂದ ಮುಂದಕ್ಕೆ ಚಿಮ್ಮಿಸಬಲ್ಲುದು. ಇಂತಹ ದಂಡಗಳ ಆಂಟೆನಾ ರಾಜೇಶ್ವರಿಯವರ ಸಂಶೋಧನೆಯ ಮುಖ್ಯ ವಸ್ತುಗಳಲ್ಲಿ ಒಂದು. ದಂಡ ಎಷ್ಟು ದಪ್ಪವಿರಬೇಕು, ಎಷ್ಟು ಉದ್ದವಿರಬೇಕು ಎಂಬುದನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು. ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಬಿಡಿಸಬೇಕು. ಸೆಂಟ್ರಲ್ ಕಾಲೇಜಿನಲ್ಲಿ ಕಲಿತ ಗಣಿತ ಇಲ್ಲಿ ಕೈಹಿಡಿಯಿತು.

ಬೋಧಕವರ್ಗದಲ್ಲಿ ಮಹಿಳೆಯರ ಮುಖವೇ ಅಪರೂಪವಾಗಿದ್ದ ಸಂಸ್ಥೆಯಲ್ಲಿ ಅವರು ಪ್ರಾಧ್ಯಾಪಕರಾಗಿ, ವಿಭಾಗದ ಮುಖ್ಯಸ್ಥರಾಗಿ ದುಡಿದರು. ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಅವರ ಕೈಕೆಳಗೆ ಡಾಕ್ಟರೇಟ್ ಪದವಿ ಪಡೆದರು. ಅವರ ಸಂಶೋಧನ ಲೇಖನಗಳು ನೂರನ್ನು ಮೀರುತ್ತವೆ. ಸೂಕ್ಷ್ಮತರಂಗ ತಂತ್ರಜ್ಞಾನ ಮತ್ತು ಆಂಟೆನಾಗಳನ್ನು ಕುರಿತ ಗ್ರಂಥಗಳು ಪ್ರಕಟವಾದದ್ದು 1982ರಲ್ಲಿ ನಿವೃತ್ತರಾದ ಮೇಲೆ, ಆ ದಶಕದ ಉತ್ತರಾರ್ಧದಲ್ಲಿ. ವಿಶ್ರಾಂತಿಯ ಕಾಲವನ್ನು ಅವರು ಮಹಿಳಾ ಅಧ್ಯಯನಕ್ಕೂ ಸಮಾಜಕಾರ್ಯಕ್ಕೂ ಮೀಸಲಿಟ್ಟರು. ಬಾಲ್ಯದಲ್ಲಿ ಕೈಬಿಟ್ಟ ಇತಿಹಾಸ ಮತ್ತೆ ಕರೆದಿರಬೇಕು: ತಮ್ಮ ಮನೆತನದ ಮತ್ತು ಕಾಲದ ಕಥೆಯನ್ನು ‘ಎ ಥೌಸಂಡ್ ಸ್ಟ್ರೀಮ್ಸ್’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ಬರೆದಿಟ್ಟರು. 2010ರ ಸೆಪ್ಟೆಂಬರಿನಲ್ಲಿ ಅವರು ನಿಧನರಾದರು.