ದಟ್ಟ ಗ್ರಾಫ್‌ನಲ್ಲಿ ಕರ್ಸರ್ ಹಿಡಿಯುವ ಬಿಂದು ಯಾವುದು?

ಪ್ರೌಢಶಾಲೆಯ ‘ಶಬ್ದ’ ಪಾಠದಲ್ಲಿ ಶ್ರುತಿಕವೆಯ ಆವೃತ್ತಿಯನ್ನು ಕಂಪ್ಯೂಟರಿನಲ್ಲಿ ಅಳೆದು ತೋರಿಸಬಹುದು. ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿ ಧ್ವನಿಯನ್ನು ಮುದ್ರಿಸಿ, ಒಂದು ಅಲೆಯ ಆರಂಭ ಮತ್ತು ಅಂತ್ಯವನ್ನು ಕರ್ಸರ್‌ನಿಂದ ಗುರುತಿಸಿ, ನಡುವಿನ ಕಾಲವನ್ನು ಓದಿದರಾಯಿತು. ಆದರೆ ಒಂದೇ ಮುದ್ರಣದಿಂದ ವಿದ್ಯಾರ್ಥಿಗಳು ಬೇರೆ ಬೇರೆ ಉತ್ತರ ಪಡೆಯಬಹುದು. ಇದಕ್ಕೆ ಕಾರಣ ಶ್ರುತಿಕವೆಯಲ್ಲ, ಪರದೆ.

ಪರದೆಯ ಮಿತಿ

ಸೆಕೆಂಡಿಗೆ 44,100 ಮಾದರಿಗಳಂತೆ ಮುದ್ರಿಸಿದ 1 ಸೆಕೆಂಡಿನ ಧ್ವನಿ 1,000 ಪಿಕ್ಸೆಲ್ ಅಗಲದಲ್ಲಿ ಕಾಣುತ್ತಿದೆ ಎನ್ನೋಣ. ಆಗ ಒಂದು ಪಿಕ್ಸೆಲ್‌ನಲ್ಲಿ ಸುಮಾರು 44 ಮಾದರಿಗಳು ಅಡಗಿರುತ್ತವೆ. ಆದ್ದರಿಂದಲೇ ಅಲೆಯ ಬದಲು ಗಟ್ಟಿಯಾದ ನೀಲಿ ಪಟ್ಟಿ ಕಾಣುತ್ತದೆ. 512 ಹರ್ಟ್ಸ್ ಶ್ರುತಿಕವೆಯ ಒಂದು ಅಲೆಗೆ ಸುಮಾರು 86 ಮಾದರಿಗಳು, ಅಂದರೆ ಎರಡೇ ಪಿಕ್ಸೆಲ್. ಕರ್ಸರ್ ಒಂದು ಪಿಕ್ಸೆಲ್ ಆಚೆ ಸರಿದರೂ 86ರ ಬದಲು 130 ಮಾದರಿಗಳು ಆಯ್ಕೆಯಾಗುತ್ತವೆ. ಆವೃತ್ತಿ 339 ಹರ್ಟ್ಸ್ ಎಂದು ಬರುತ್ತದೆ! ಕೈ ಎಷ್ಟೇ ಸ್ಥಿರವಾಗಿದ್ದರೂ ಈ ದೋಷ ತಪ್ಪದು.

ಸರಿಯಾದ ಕ್ರಮ

1. ಸುಮಾರು 0.02 ಸೆಕೆಂಡು ಮಾತ್ರ ಪರದೆಯನ್ನು ತುಂಬುವಂತೆ ಚಿತ್ರವನ್ನು ಹಿಗ್ಗಿಸಬೇಕು. ಈಗ ಒಂದು ಪಿಕ್ಸೆಲ್‌ಗೆ ಹೆಚ್ಚುಕಡಿಮೆ ಒಂದೇ ಮಾದರಿ. ಸುಮಾರು ಹತ್ತು ಅಲೆಗಳು ಬಿಡಿಬಿಡಿಯಾಗಿ ಕಾಣುತ್ತವೆ.

2. ಕಾಲದ ಅಳತೆಯನ್ನು ಮಿಲಿಸೆಕೆಂಡಿನ ಬದಲು ಮಾದರಿಗಳ ಸಂಖ್ಯೆಯಲ್ಲಿ ತೋರಿಸುವಂತೆ ಬದಲಿಸಬೇಕು. ಇಲ್ಲವಾದರೆ 1.95 ಮಿಲಿಸೆಕೆಂಡು 2 ಎಂದು ಕಾಣಬಹುದು.

3. ಶೃಂಗದ ತುದಿ ಚಪ್ಪಟೆಯಾಗಿರುವುದರಿಂದ ಅಲ್ಲಿ ಬಿಂದುವನ್ನು ಗುರುತಿಸುವುದು ಕಷ್ಟ. ಅಲೆ ಶೂನ್ಯ ರೇಖೆಯನ್ನು ದಾಟುವಲ್ಲಿ ಇಳಿಜಾರು ಅತಿ ಹೆಚ್ಚು; ಬಿಂದು ಸ್ಪಷ್ಟ. ಝಡ್ ಕೀಲಿ ಒತ್ತಿದರೆ ಆಯ್ಕೆಯ ಎರಡೂ ಅಂಚುಗಳು ಹತ್ತಿರದ ಇಂಥ ಬಿಂದುಗಳಿಗೆ ಸರಿಯುತ್ತವೆ.

4. ಹತ್ತು ಅಲೆಗಳನ್ನು ಒಟ್ಟಿಗೆ ಅಳೆಯಬೇಕು. 861 ಮಾದರಿಗಳು ಬಂದರೆ 44,100 × 10 ÷ 861 = 512.2 ಹರ್ಟ್ಸ್. ಒಂದೇ ಅಲೆಯನ್ನು ಅಳೆದಾಗ ಒಂದು ಮಾದರಿಯ ತಪ್ಪಿಗೆ ಉತ್ತರ ಸುಮಾರು 6 ಹರ್ಟ್ಸ್ ಬದಲಾಗುತ್ತದೆ. ಹತ್ತು ಅಲೆಗಳಲ್ಲಿ 0.6 ಹರ್ಟ್ಸ್ ಮಾತ್ರ. ಸರಳ ಲೋಲಕದಲ್ಲಿ ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆಯುವುದೂ ಇದೇ ಕಾರಣಕ್ಕೆ.

ಎಕ್ಸೆಲ್ ಗ್ರಾಫ್‌ನಲ್ಲಿ

ಇಲ್ಲಿ ಮೊದಲ ಕ್ಲಿಕ್‌ಗೆ ಇಡೀ ದತ್ತಾಂಶ ಸರಣಿ ಆಯ್ಕೆಯಾಗುತ್ತದೆ. ಮತ್ತೊಮ್ಮೆ ಕ್ಲಿಕ್ ಮಾಡಿದಾಗ ಮಾತ್ರ ಒಂದು ಬಿಂದು. ಬಿಂದುಗಳು ಒತ್ತೊತ್ತಾಗಿದ್ದರೆ ಮೌಸ್‌ನಿಂದ ಹುಡುಕುವ ಬದಲು ಎಡ–ಬಲ ಬಾಣದ ಕೀಲಿಗಳಿಂದ ಒಂದೊಂದೇ ಬಿಂದುವಿಗೆ ಸರಿಯುವುದು ಸುಲಭ.

ಬೋಧನೆಯಲ್ಲಿ

ವಿದ್ಯಾರ್ಥಿಗಳು ಸ್ಕೇಲ್, ವರ್ನಿಯರ್ ಮುಟ್ಟುವ ಮೊದಲು ಅದರ ಕನಿಷ್ಠ ಅಳತೆಯನ್ನು ಬರೆಯುತ್ತಾರೆ. ಪರದೆಯ ಅಂಕಿಯನ್ನು ಮಾತ್ರ ಪ್ರಶ್ನಿಸದೆ ಒಪ್ಪುತ್ತಾರೆ. ಆದ್ದರಿಂದ ಮೊದಲು ಹಿಗ್ಗಿಸದ ಚಿತ್ರದಲ್ಲಿ ಮೂವರಿಂದ ಅಳತೆ ಮಾಡಿಸಿ, ಮೂರೂ ಉತ್ತರಗಳನ್ನು ಕರಿಹಲಗೆಯ ಮೇಲೆ ಬರೆಯಬೇಕು. ನಂತರ ಕೇಳಬೇಕಾದ ಪ್ರಶ್ನೆ ಒಂದೇ: “ಇಲ್ಲಿ ಒಂದು ಪಿಕ್ಸೆಲ್ ಎಂದರೆ ಎಷ್ಟು ಕಾಲ?” ಕರ್ಸರ್‌ನ ಕನಿಷ್ಠ ಅಳತೆ ಅದೇ ಎಂಬುದನ್ನು ಅವರೇ ಕಂಡುಕೊಳ್ಳಲಿ.